ಭಾವನ ಕಾರಿಗೆ ಉದ್ದಿನ ಹಿಟ್ಟು

ನಮ್ಮ ಭಾವ ವೈದ್ಯರಾಗಬೇಕಿತ್ತು. ಯಾರ ಪುಣ್ಯವೋ, ಹೋಟೆಲಿನ ಅಡುಗೆಯವರಾದರು! ರೋಗಿಗಳೆಲ್ಲ ಬಚಾವಾದರು, ಕೈಗೆ ಸಿಕ್ಕಿಬಿದ್ದದ್ದು ಒಂದೇ ಒಂದು ಕಾರು.

ಭಾವ ಎಂದರೆ ನನ್ನ ಅಕ್ಕನ ಗಂಡ. ಊರು ಉಡುಪಿ, ಮನೆ ಲಂಡನ್ನಿನ ಗ್ರೀನ್‌ಫರ್ಡ್, ಕೆಲಸ ವೆಂಬ್ಲಿಯಲ್ಲಿ ದೋಸೆ ಹೊಯ್ಯುವುದು. ತೊಂಬತ್ತರ ದಶಕದ ಕೊನೆಯಲ್ಲಿ ಅವರ ಕಾರಿಗೆ ಜ್ವರ ಬರತೊಡಗಿತು. ಸ್ವಲ್ಪ ದೂರ ಓಡಿದರೆ ಬಾನೆಟ್ಟಿನಿಂದ ಹಬೆ. ಎಂಜಿನ್ನನ್ನು ತಣ್ಣಗಿಡುವ ಹಸಿರು ನೀರು, ಅದೇ ಕೂಲಂಟ್, ಎಲ್ಲಿಂದಲೋ ಸೋರುತ್ತಿತ್ತು. ನನ್ನ ನಿಮ್ಮಂಥವರಾದರೆ ಗ್ಯಾರೇಜಿಗೆ ಒಯ್ಯುತ್ತೇವೆ. ಭಾವ ಒಂದು ಸ್ಟೀಲಿನ ಬಟ್ಟಲು ತಂದು ಕಾರಿನಡಿ ಇಟ್ಟರು. ಮರುದಿನ ಬಟ್ಟಲು ನೋಡಿ, "ನಿನ್ನೆಗಿಂತ ಕಡಿಮೆ ಉಂಟು. ಗುಣ ಆಗ್ತಾ ಉಂಟು" ಎಂದರು. ಸೋರಲು ಒಳಗೆ ನೀರೇ ಉಳಿದಿಲ್ಲವೆಂದು ಈ ವೈದ್ಯರಿಗೆ ಹೇಳುವವರು ಯಾರು?

ಬೇರೆ ವಾರವಾಗಿದ್ದರೆ ನಾನೂ ನಕ್ಕು ಸುಮ್ಮನಿರುತ್ತಿದ್ದೆ. ಆದರೆ ಸೋಮವಾರ ಅಕ್ಕನ ಡ್ರೈವಿಂಗ್ ಟೆಸ್ಟ್. ಕೊಲಿಂಡೇಲ್‌ನ ವೃದ್ಧಾಶ್ರಮವೊಂದರ ಅಡುಗೆಮನೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಲಂಡನ್ನಿಗೆ ಬಂದ ಮೇಲೆ ಅವಳದೇ ಆದ ಮೊದಲ ಕೆಲಸ. ಬೆಳಿಗ್ಗೆ ಆರಕ್ಕೆ ಹಾಜರಿರಬೇಕು. ಆ ಹೊತ್ತಿಗೆ ತಲುಪಿಸುವ ಬಸ್ಸಿಲ್ಲ. ಹೋಟೆಲಿನಿಂದ ತಡವಾಗಿ ಬಂದು ಮಲಗುವ ಭಾವನನ್ನು ಎಬ್ಬಿಸುವಂತಿಲ್ಲ. ಪಾಸಾದರೆ ಕೆಲಸ ಅವಳದು, ಇಲ್ಲದಿದ್ದರೆ ಬೇರೆಯವರದು. ಪಾಠ ಹೇಳಿದವನು ನಾನು, ಇದೇ ಕಾರಿನಲ್ಲಿ. ಬೇರೆ ಕಾರಿನ ಕ್ಲಚ್ಚು ಅವಳ ಕಾಲಿಗೆ ಅರ್ಥವಾಗುತ್ತಿರಲಿಲ್ಲ. ಭಾವನದು ಮಾತ್ರ ಮೊದಲಿನಿಂದಲೂ ಒಂದೇ ರಾಗ: "ಮನೆಗೆ ಒಬ್ಬ ಡ್ರೈವರ್ ಸಾಲುದಿಲ್ವಾ?"

ನಾನು ಅಂಗಡಿ ಇಟ್ಟು ಮೇಲೆ ಬಂದವನು. ಚೌಕಾಶಿ ಮಾಡದೆ ಉಪ್ಪನ್ನೂ ಕೊಂಡವನಲ್ಲ. ಒಬ್ಬ ಗ್ಯಾರೇಜಿನವನನ್ನು ಹಿಡಿದು, ಅವನು ಹೇಳಿದ ರೇಟನ್ನು ಅರ್ಧಕ್ಕೆ ಇಳಿಸಿದೆ. (ಉಪಾಯ ಬೇಕೇ? ಮೊದಲು ಬಾಗಿಲ ಕಡೆ ನಡೆಯಿರಿ, ಆಮೇಲೆ ರೇಟು ಕೇಳಿ.) ಆದರೆ ಅವನು ಕಾರು ಕೊಡುವುದು ಬುಧವಾರವಂತೆ.

"ಬುಧವಾರ ಕಾರು ತಕ್ಕೊಂಡು ಪೂಜೆ ಮಾಡುದಾ? ನಾನೇ ಸರಿ ಮಾಡ್ತೇನೆ" ಎಂದು ಭಾವ ಅಡುಗೆಮನೆಗೆ ಹೋಗಿ ಒಂದು ಡಬ್ಬಿ ತಂದರು. ಉದ್ದಿನ ಹಿಟ್ಟು!

"ಎಂತ ಭಾವ ಇದು?"

"ಊರಲ್ಲಿ ತೂತಾದ ಪಾತ್ರೆಗೆ ಎಂತ ಮೆತ್ತುದು ಮಾರಾಯ? ಸಿಮೆಂಟಾ?"

ನೀರಲ್ಲಿ ಕಲಸಿ ರೇಡಿಯೇಟರಿಗೆ ಹೊಯ್ದೇಬಿಟ್ಟರು. ಸೋರುವುದು ನಿಲ್ಲಲಿಲ್ಲ. ಸಂಜೆ ಎಂಜಿನ್ ಶುರು ಮಾಡಿ ಹೀಟರ್ ಹಾಕಿದರೆ ಕಾರಿನ ತುಂಬ ಇಡ್ಲಿ ಬೆಂದ ಪರಿಮಳ. "ಚಟ್ನಿ ಎಲ್ಲಿಗೆ ಹೊಯ್ಯುದು? ಪೆಟ್ರೋಲ್ ಟ್ಯಾಂಕಿಗಾ?" ಎಂದಳು ಅಕ್ಕ.

ಆ ಪರಿಮಳದಿಂದ ಒಂದು ಉಪಕಾರವಾಯಿತು. ಹಬೆ ಕಾರಿನೊಳಗೆ ನುಗ್ಗುತ್ತಿದೆಯೆಂದರೆ ಸೋರುತ್ತಿರುವುದು ಹೀಟರಿಗೆ ಹೋಗುವ ಪೈಪು. ಅದಿರುವುದು ಎಂಜಿನ್ನಿನ ಬೆನ್ನ ಹಿಂದೆ, ಗೋಡೆಗೂ ಬೀರುವಿಗೂ ನಡುವೆ ಇರುವಷ್ಟು ಸಂದಿಯಲ್ಲಿ. ಅಲ್ಲಿ ಪೈಪು ಇಟ್ಟವನ ಮನೆಯಲ್ಲಿ ಯಾರಿಗೂ ಕೈ ಇರಲಿಲ್ಲವೆಂದು ಕಾಣುತ್ತದೆ! ಶನಿವಾರವೆಲ್ಲ ಹಿಟ್ಟು ತೊಳೆಯುವುದರಲ್ಲೇ ಹೋಯಿತು. ಭಾನುವಾರ ನಾನು ಹೊಸ ಪೈಪನ್ನೂ ಬೆರಳಿನಲ್ಲೇ ತಿರುಗಿಸಿ ಬಿಗಿಯುವ ಕ್ಲಿಪ್ಪುಗಳನ್ನೂ ತಂದೆ. ಭಾವನ ಕೈ ದೋಸೆಕಲ್ಲಿನಷ್ಟು ಅಗಲ, ಹೊಸ್ತಿಲಲ್ಲೇ ನಿಂತಿತು. ನನ್ನದು ಒಳಗೆ ಹೋಗದೆ ಚರ್ಮ ಮಾತ್ರ ಬಿಟ್ಟು ಬಂತು. ಕೊನೆಗೆ ಭಾವ ಎಂಜಿನ್ನಿನ ಮೇಲೆ ಬೋರಲು ಬಿದ್ದು, ಸೌಟಿನಿಂದ ಪ್ರಯತ್ನಿಸತೊಡಗಿದರು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಕ್ಕ ಬಳೆ ತೆಗೆದಿಟ್ಟಳು. ಕೈಗೆ ಸೋಪು ಹಚ್ಚಿ, ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿದಳು. ಬಿಗಿಬಳೆ ಏರಿಸುವಾಗ ಬಳೆಗಾರ ಕೈ ಹಿಂಡಿ ಕಿರಿದು ಮಾಡುತ್ತಾನಲ್ಲ, ಹಾಗೆ. ಕೈ ಸರಾಗವಾಗಿ ಇಳಿಯಿತು. ಹಳೆ ಪೈಪು ಬಂತು, ಹೊಸದು ಕೂತಿತು, ಕ್ಲಿಪ್ಪು ಬಿಗಿಯಿತು. ಹೊರಗೆ ಬಾರದೆ ಹೋದದ್ದು ಕೈ!

"ಎಳೀಬೇಡ, ಎಳೀಬೇಡ!" ಭಾವ ಓಡಿಹೋಗಿ ತೆಂಗಿನೆಣ್ಣೆ ತಂದು ಸುರಿದರು.

"ಒಗ್ಗರಣೆ ಒಂದು ಬಾಕಿ ಇತ್ತು" ಎಂದೆ. ಯಾರೂ ನಗಲಿಲ್ಲ.

"ಹ್ವಾಯ್," ಎಂದಳು ಅಕ್ಕ, ಎಂಜಿನ್ನಿಗೆ ಕೆನ್ನೆಯಿಟ್ಟುಕೊಂಡೇ. "ಸತ್ಯ ಹೇಳಿ. ನಾನು ಪಾಸಾಗುದು ನಿಮ್ಗೆ ಇಷ್ಟ ಉಂಟಾ ಇಲ್ವಾ?"

"ಇಲ್ಲ."

"ಮತ್ತೆ ಇಷ್ಟು ದಿನ ಇದ್ರ ಮೇಲೆ ಬಿದ್ಕೊಂಡದ್ದು ಎಂತಕ್ಕೆ?"

"ನಿಂಗೆ ಇಷ್ಟ ಉಂಟಲ್ಲ."

ಭಾವ ಅವಳ ಮಣಿಕಟ್ಟಿಗೆ ಎಣ್ಣೆ ಸವರುತ್ತಲೇ ಹೇಳಿದರು: "ಇಡೀ ದಿನ ನಾನು ಮಾತಾಡುದು ದೋಸೆಕಲ್ಲಿನ ಹತ್ರ. ನಿನ್ನ ಹತ್ರ ಮಾತಾಡ್ಲಿಕ್ಕೆ ಆಗುದು ನಿನ್ನನ್ನು ಎಲ್ಲಿಗಾದ್ರೂ ಬಿಡ್ಲಿಕ್ಕೆ ಹೋಗುವಾಗ ಮಾತ್ರ. ಇನ್ನು ನೀನು ಒಬ್ಳೇ ಹೋಗ್ತಿ."

ಕೈ ಹೊರಗೆ ಬಂತು. ಅದನ್ನು ಬಿಡುವುದು ಭಾವನಿಗೆ ಸ್ವಲ್ಪ ತಡವಾಯಿತು.

ಸೋಮವಾರ ಅಕ್ಕ ಪಾಸಾದಳು. ಕೆಲಸದ ಮೊದಲ ದಿನ, ಇನ್ನೂ ಬೆಳಕು ಹರಿಯದ ಚಳಿಯಲ್ಲಿ ಅವಳು ಕಾರು ತೆಗೆಯುವಾಗ, ಮಂಕಿ ಟೋಪಿ ಹಾಕಿಕೊಂಡ ಭಾವ ಬಂದು ಪಕ್ಕದಲ್ಲಿ ಕೂತರಂತೆ.

"ನೀವು ಎಲ್ಲಿಗೆ?"

"ಕೊಲಿಂಡೇಲ್‌ಗೆ."

"ಅಲ್ಲಿ ನಿಮ್ಗೆ ಎಂತ ಕೆಲಸ?"

"ಅಲ್ಲಿ ಎಂತ ಇಲ್ಲ. ದಾರಿಯಲ್ಲಿ ಉಂಟು."

ಅವಳು ಅಡುಗೆಮನೆ ಸೇರಿದ ಮೇಲೆ ಬಸ್ಸು ಬದಲಿಸಿ ಬದಲಿಸಿ ಮನೆಗೆ ಬಂದು ಮಲಗಿದರು. ಮರುದಿನವೂ ಹೋದರು. ಅದರ ಮರುದಿನದಿಂದ ಅಕ್ಕ ಫ್ಲಾಸ್ಕಿಗೆ ಇಬ್ಬರ ಕಾಫಿ ತುಂಬಿಸತೊಡಗಿದಳು.