ಹುಳ ತಿಂದ ಜಾಗಕ್ಕೆ ಚುಕ್ಕಿ

ನನ್ನ ಸೋದರಮಾವನಿಗೆ ಇಂಗ್ಲಿಷ್ ಬರುವುದಿಲ್ಲ. ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ, ಇದು ಅವರೇ ಎದೆಯುಬ್ಬಿಸಿ ಹೇಳಿಕೊಳ್ಳುವ ಮಾತು. ಆ ಬಾರದ ಭಾಷೆಯಲ್ಲಿ ಅವರು ಇದುವರೆಗೆ ಹದಿನೇಳು ಪುಸ್ತಕ ಮುಗಿಸಿದ್ದಾರೆ! ನಾನು ಎಂ.ಎ. ಇಂಗ್ಲಿಷ್, ಮೇಲೊಂದು ಬಿ.ಎಡ್., ಯಳಂದೂರಿನ ಹೈಸ್ಕೂಲೊಂದರಲ್ಲಿ ಹದಿನಾಲ್ಕು ವರ್ಷದಿಂದ ಇಂಗ್ಲಿಷ್ ಮೇಡಂ. ನಾನು ಎಷ್ಟು ಪುಸ್ತಕ ಮುಗಿಸಿದ್ದೇನೆ ಅಂತ ದಯವಿಟ್ಟು ಕೇಳಬೇಡಿ.

ಮುಗಿಸಿದ್ದಾರೆ ಅಂದರೆ ಬರೆದು ಮುಗಿಸಿದ್ದಲ್ಲ, ಓದಿ ಮುಗಿಸಿದ್ದೂ ಅಲ್ಲ. ಟೈಪ್ ಮಾಡಿ ಮುಗಿಸಿದ್ದು. ಮುನ್ನೂರು ನಾನೂರು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಅಚ್ಚಾದ ಪುಸ್ತಕಗಳನ್ನು ಯಾರೋ ಪುಣ್ಯಾತ್ಮರು ಪುಟಪುಟವೂ ಫೋಟೋ ತೆಗೆದು ಇಂಟರ್‌ನೆಟ್ಟಿಗೆ ಹಾಕಿದ್ದಾರೆ. ಆದರೆ ಮಸಿ ಹರಡಿದ, ಹುಳ ತಿಂದ ಆ ಹಳೇ ಅಚ್ಚನ್ನು ಓದಲು ಹೋದರೆ ಯಂತ್ರ ಏನೇನೋ ಒದರುತ್ತದೆ. ಹಾಗಾಗಿ ಮನುಷ್ಯರೇ ಕೂತು, ಫೋಟೋ ನೋಡಿಕೊಂಡು, ಅಕ್ಷರ ಅಕ್ಷರವಾಗಿ ಟೈಪ್ ಮಾಡಬೇಕು. ಆಮೇಲೆ ಅದನ್ನು ಲೋಕದಲ್ಲಿ ಯಾರು ಬೇಕಾದರೂ ಓದಬಹುದು, ಹುಡುಕಬಹುದು, ಯಾರ ಅಪ್ಪಣೆಯೂ ಬೇಕಿಲ್ಲ. ಈ ಕೆಲಸಕ್ಕೆ ದೇಶದೇಶದ ಜನ ತಾವಾಗಿಯೇ ಸೇರಿಕೊಂಡಿದ್ದಾರೆ. ನನಗೆ ತಿಳಿದಮಟ್ಟಿಗೆ ಕೊಳ್ಳೇಗಾಲದಿಂದ ಸೇರಿರುವವರು ನಮ್ಮ ಮಾವ ಒಬ್ಬರೇ.

ಅವರು ಮೂವತ್ತು ವರ್ಷ ಇದೇ ಊರಿನಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದವರು. ಇಂಗ್ಲಿಷ್ ಅವರ ಬೆರಳಿಗೆ ಗೊತ್ತು, ತಲೆಗೆ ಗೊತ್ತಿಲ್ಲ. ಅದೇ ಅವರ ದೊಡ್ಡ ಯೋಗ್ಯತೆಯಂತೆ! ಯಾಕೆಂದರೆ ಭಾಷೆ ಬಲ್ಲವರ ಕಣ್ಣು ಪುಟದಲ್ಲಿ ಇರುವುದನ್ನು ನೋಡುವುದಿಲ್ಲ, ಇರಬೇಕಾದ್ದನ್ನು ನೋಡುತ್ತದೆ. ಮಾವನಿಗೆ ಆ ರೋಗವಿಲ್ಲ. ಇದ್ದದ್ದು ಇದ್ದ ಹಾಗೆ. ಕಾಣದ ಅಕ್ಷರಕ್ಕೆ ಒಂದು ಚುಕ್ಕಿ, ಎರಡು ಕಾಣದಿದ್ದರೆ ಎರಡು ಚುಕ್ಕಿ. ಊಹಿಸುವ ಹಾಗಿಲ್ಲ.

ಹೋದ ವರ್ಷದವರೆಗೆ ನಮ್ಮ ಮನೆಮಂದಿಗೆಲ್ಲ ಇದೊಂದು ತಮಾಷೆಯಾಗಿತ್ತು. ಹೋದ ವರ್ಷ ಅತ್ತೆಗೆ, ಅಂದರೆ ಮಾವನ ಹೆಂಡತಿಗೆ, ಲಕ್ವ ಹೊಡೆಯಿತು. ಕೈಕಾಲು ತಕ್ಕಮಟ್ಟಿಗೆ ವಾಪಸು ಬಂದವು, ಮಾತು ಬರಲಿಲ್ಲ. ಒಂದು ಅಕ್ಷರ ಹೊರಬಂದು ಅಲ್ಲೇ ನಿಂತುಬಿಡುತ್ತದೆ. ಮೈಸೂರಿನಲ್ಲಿರುವ ಅವರ ಮಗಳು ಅಮ್ಮನನ್ನು ತನ್ನ ಮನೆಗೆ ಕರೆದುಕೊಂಡು ಹೋಗುತ್ತೇನೆ, ಅಲ್ಲಿ ಮಾತು ಕಲಿಸುವ ಡಾಕ್ಟರಿದ್ದಾರೆ ಎಂದು ಹಟ ಹಿಡಿದಳು. ಅವಳದು ಎರಡು ಕೋಣೆಯ ಮನೆ, ಗಂಡನ ಅಪ್ಪ ಅಮ್ಮ ಜೊತೆಗಿದ್ದಾರೆ. ಅಮ್ಮನಿಗಾದರೆ ಒಂದು ಮಂಚ ಹಾಕಬಹುದು, ಅಪ್ಪನಿಗೆ ಜಾಗವಿಲ್ಲ. ಅತ್ತೆ ಹೋಗಬೇಕೋ, ಇಲ್ಲೇ ಇರಬೇಕೋ? ಮಾವನನ್ನು ಕೇಳಿದರೆ, "ನನ್ನ ಯಾಕ್ ಕೇಳ್ತೀರಿ? ಅವ್ಳ ಕೇಳಿ" ಎಂದರು. ಮಾತೇ ಬಾರದವರನ್ನು ಕೇಳುವುದು ಹೇಗೆ? ಮಾವ ಎದ್ದು ಕಂಪ್ಯೂಟರಿನ ಮುಂದೆ ಕೂತು ಕುದುರೆ ರೋಗದ ಪುಸ್ತಕದ ಪುಟ ತೆರೆದರು. ನನಗೆ ಎಷ್ಟು ಸಿಟ್ಟು ಬಂತೆಂದರೆ ಮನೆಯ ಕರೆಂಟು ತೆಗೆದುಬಿಡೋಣ ಅನ್ನಿಸಿತು.

ಕುದುರೆ ರೋಗದ ಪುಸ್ತಕ ಎಂದೆನಲ್ಲ, ಅದು ಕುದುರೆ ರೋಗದ ಪುಸ್ತಕ ಅಂತ ಮಾವನಿಗೆ ಹೇಳಿದ್ದು ನಾನೇ. ಅಲ್ಲಿಯವರೆಗೆ ಅರವತ್ತು ಪುಟ ಹೊಡೆದಿದ್ದರೂ ಅವರು ವಿಷಯವೇನೆಂದು ವಿಚಾರಿಸಿರಲಿಲ್ಲ. ಅವರ ಹಳೇ ಶಿಷ್ಯನೊಬ್ಬನಿದ್ದಾನೆ. ಟೈಪಿಂಗ್ ಸೀನಿಯರ್ ಪಾಸಾಗಿ, ಕುಂತೂರಿನಲ್ಲಿ ಕಬ್ಬು ಬೆಳೆಯುತ್ತಾ ನೆಮ್ಮದಿಯಾಗಿದ್ದಾನೆ. ಒಂದು ದಿನ ಅವನ ಎತ್ತು ಕುಂಟುತ್ತಿತ್ತಂತೆ, ಪಶು ಡಾಕ್ಟರಿಗೆ ಕಾಯುತ್ತಾ ಮಾವನ ಮನೆಗೆ ಬಂದ.

"ಸಾ, ಅದ್ರಾಗೆ ಕಾಲ್‌ಬಾವುಗೆ ಏನಾರ ಬರ್ದವ್ರಾ?"

"ನಂಗೇನ್ ಗೊತ್ತು ಕಣ್ಲಾ. ಅಗೋ, ನಮ್ ಮೇಡಂನ ಕೇಳು."

ನಾನು ಕನ್ನಡಕ ಏರಿಸಿಕೊಂಡು ಓದಿ ಹೇಳಿದೆ. ಬೂದಿ, ಬೆಣ್ಣೆ, ಹಳೇ ಹೆಂಡ ಮೂರನ್ನೂ ಕಲೆಸಿ ಬಿಸಿ ಮಾಡಿ ಗೊರಸಿನ ಮೇಲೆ ಕಟ್ಟಬೇಕು ಅಂತಿತ್ತು. ಶಿಷ್ಯ ಕೂತಲ್ಲಿಂದ ಎದ್ದೇಬಿಟ್ಟ.

"ಅಯ್ಯೋ, ಇದ್ನ ನಮ್ ತಾತನೇ ಮಾಡ್ತಿದ್ನಲ್ಲ ಕಣ್ರವ್ವಾ! ಅಂಗಾರೆ ಇವ್ರು ನಮ್ತಾವಿಂದ್ಲೇ ಕದ್ದವ್ರೆ!"

"ಯಾರು ಕದ್ರು ಅಂತ ಪುಟದಾಗೆ ಇಲ್ಲ ಕಣ್ಲಾ" ಎಂದು ಮಾವ ಕೀಲಿ ಒತ್ತುವುದನ್ನು ಮುಂದುವರಿಸಿದರು.

ಆ ಪುಸ್ತಕದಲ್ಲೇ ನನ್ನ ಮಾನ ಹೋದದ್ದೂ ಆಯಿತು. ಒಂದೇ ಪುಟವನ್ನು ಇಬ್ಬರು ಬೇರೆಬೇರೆಯಾಗಿ ಟೈಪ್ ಮಾಡುವುದು ಅಲ್ಲಿಯ ಪದ್ಧತಿ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡುತ್ತಾರೆ. ಬೇಸಿಗೆ ರಜೆಯಲ್ಲಿ ನಾನೂ ಎರಡನೆಯವಳಾಗಿ ಸೇರಿಕೊಂಡೆ. ಕೆಮ್ಮುವ ಕುದುರೆಗೆ ಏನೋ ಒಂದನ್ನು ಉಂಡೆ ಮಾಡಿ ನುಂಗಿಸಬೇಕು ಎಂಬಲ್ಲಿ ಸರಿಯಾಗಿ ಆ 'ಏನೋ' ಇದ್ದ ಜಾಗವನ್ನೇ ಹುಳ ತಿಂದಿತ್ತು. ಕೆಮ್ಮಿಗೆ ಇನ್ನೇನು, ಜೇನುತುಪ್ಪವೇ ತಾನೆ? ನಮ್ಮಜ್ಜಿಯೂ ಅದನ್ನೇ ಕೊಡುತ್ತಿದ್ದಳು! ಜೇನುತುಪ್ಪ ಎಂದು ತುಂಬಿದೆ. ತುಂಬಿ, ಮಾವನ ಚುಕ್ಕಿಗಳನ್ನು ನೋಡಿ ಪಾಪ ಎಂದು ನಕ್ಕೆ. ಎರಡು ತಿಂಗಳಿಗೆ ಅದೇ ಪುಸ್ತಕದ ಇನ್ನೊಂದು ಪ್ರತಿ ಬೇರೆಲ್ಲೋ ಸಿಕ್ಕಿತು. ಅದನ್ನು ಹುಳ ತಿಂದಿರಲಿಲ್ಲ. ಅಲ್ಲಿದ್ದದ್ದು ಸೋಪು, ಕೈ ತೊಳೆಯುವ ಸೋಪು! ಕುದುರೆಗೆ ಸೋಪು ನುಂಗಿಸುವ ಕಾಲವೂ ಇತ್ತು ಎಂದು ಯಾವ ಎಂ.ಎ.ಯಲ್ಲಿ ಹೇಳಿಕೊಡುತ್ತಾರೆ ಹೇಳಿ?

ಮಾವ ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ಕೇಳಿದರು.

"ಉಳ ತಿಂದಿರಾದ್ನ ನೀ ಯಾಕವ್ವಾ ಕಕ್ಕುಸ್ತೀಯೆ?"

ಈ ಚುಕ್ಕಿಯ ನೇಮ ಕಂಪ್ಯೂಟರಿನಲ್ಲೇ ಉಳಿದಿದ್ದರೆ ಸಹಿಸಿಕೊಳ್ಳಬಹುದಿತ್ತು. ಅವರು ಅದನ್ನು ಬೀದಿಗೂ ತಂದರು. ಅತ್ತೆ ಚೆನ್ನಾಗಿದ್ದಾಗಿನ ಮಾತು. ಹನೂರಿನಲ್ಲಿ ಮದುವೆ, ಮಾವ, ಅತ್ತೆ, ನಮ್ಮಮ್ಮ ಮೂವರೂ ಹೊರಟಿದ್ದರು. ನಮ್ಮಮ್ಮ ಮಾವನಿಗೆ ಅಕ್ಕ, ಆರು ವರ್ಷ ದೊಡ್ಡವಳು, ಬಾಯಿ ಅದಕ್ಕೂ ದೊಡ್ಡದು. ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದ ಬಸ್ಸಿನ ಬೋರ್ಡಿನ ಬಣ್ಣ ಉದುರಿ ಮೊದಲ ಅಕ್ಷರವೊಂದೇ ಉಳಿದಿತ್ತು. ಕಾಮಗೆರೆ ಮೇಲೆ ಹನೂರಿಗೆ ಹೋಗುವ ಬಸ್ಸು ಅಂತ ಅಲ್ಲಿ ಕಡಲೆಕಾಯಿ ಮಾರುವವನಿಗೂ ಗೊತ್ತು. ಹೆಂಗಸರಿಬ್ಬರೂ ಹತ್ತಿ ಕೂತರು.

"ಬಿರ್ನೆ ಏರ್ಕೊ ಕಣ್ಲಾ!" ಎಂದು ಅಮ್ಮ ಕಿಟಕಿಯಿಂದ ಅವಸರ ಮಾಡಿದಳು.

"ನಿಂಗೂ ಗೊತ್ತು, ನಂಗೂ ಗೊತ್ತು. ಬೋರ್ಡ್‌ನಾಗೆ ಇಲ್ವಲ್ಲಕ್ಕ! ತಡಿ, ಕಂಡಕ್ಟರ್‌ನ ಕೇಳ್ಕಂಡ್ ಬತ್ತೀನಿ."

ಅವರು ಕಂಡಕ್ಟರನ್ನು ಹುಡುಕಿಕೊಂಡು ಟೀ ಅಂಗಡಿಗೆ ಹೋದರು. ಕಂಡಕ್ಟರು ಇನ್ನೊಂದು ಕಡೆಯಿಂದ ಬಂದು ಸೀಟಿ ಊದಿದ. ಮಾವ ಮುಂದಿನ ಬಸ್ಸಿನಲ್ಲಿ ಹನೂರು ತಲುಪುವ ಹೊತ್ತಿಗೆ ಊಟದ ಎಲೆ ಎತ್ತಿ, ನೆಲ ಒರೆಸಿ ಆಗಿತ್ತು, ಮದುಮಕ್ಕಳು ಫೋಟೋಕ್ಕೆ ನಗುತ್ತಿದ್ದರು. ಅತ್ತೆ ಅದನ್ನು ಊರೆಲ್ಲ ಹೇಳಿಕೊಂಡು ನಕ್ಕರು. "ನನ್ ಮದ್ವೇಲೂ ಅಂಗೇ ಕಣ್ರವ್ವಾ! ಲಗ್ನಪತ್ರಿಕೆ ಮೂರ್ ಸಲ ಓದಿದ್ರಂತೆ, ಎಣ್ಣು ಇವ್ಳೇನಾ ಅಂತ!" ಎಷ್ಟು ಮಾತು, ಎಷ್ಟು ನಗು ಆ ಹೆಂಗಸಿಗೆ! ಬೀದಿಯ ಆ ತುದಿಯಲ್ಲಿ ಅವರು ನಕ್ಕರೆ ಈ ತುದಿಯಲ್ಲಿ ನಮಗೆ ಗೊತ್ತಾಗುತ್ತಿತ್ತು.

ಅಂಥವರ ಮಾತು ಒಂದಕ್ಷರಕ್ಕೆ ಬಂದು ನಿಂತಿತ್ತು. ನಾವೆಲ್ಲ ಅವರಿಗೆ ಸಹಾಯ ಮಾಡಲು ನಿಂತೆವು. ಸಹಾಯ ಅಂದರೆ, ಅವರು ಬಾಯಿ ತೆರೆದ ಕೂಡಲೇ ಮಿಕ್ಕಿದ್ದನ್ನು ನಾವು ಹೇಳುವುದು. "ನೀ" ಅಂದರೆ ನೀರು. "ಬಾ" ಅಂದರೆ ಬಾಗಿಲು ಹಾಕಬೇಕು. ಬಾಗಿಲು ಆಗಲೇ ಹಾಕಿದ್ದರೆ ಬಾಳೆಹಣ್ಣು! ಒಂದು ದಿನ ನಮ್ಮಮ್ಮ ಅವರಿಗೆ ಹನ್ನೊಂದು ಲೋಟ ನೀರು ಕುಡಿಸಿದಳು. ಹನ್ನೆರಡನೆಯದನ್ನು ಅತ್ತೆ ಕೈಯಿಂದ ತಳ್ಳಿ ಅತ್ತರು. "ಪಾಪ, ಕಾಯ್ಲೆ, ಅಂಗೇ ಅಳು ಬತ್ತದೆ" ಎಂದು ಅಮ್ಮ ಅದನ್ನೂ ಅರ್ಥ ಮಾಡಿಕೊಂಡಳು.

ಮಾವ ಮಾತ್ರ ಒಂದು ನೋಟ್‌ಬುಕ್ ಇಟ್ಟಿದ್ದರು. ಅತ್ತೆಯ ಬಾಯಿಂದ ಬಂದ ಅಕ್ಷರವನ್ನು ಬರೆದುಕೊಳ್ಳುವುದು, ಮುಂದೆ ಚುಕ್ಕಿ ಇಡುವುದು. ಪುಟಗಟ್ಟಲೆ ಅಷ್ಟೇ. ಅದನ್ನು ನೋಡಿ ಮೈಸೂರಿನ ಮಗಳು ಕಣ್ಣಲ್ಲಿ ನೀರು ತಂದುಕೊಂಡು ಕೇಳಿದ್ದಳು, "ಅಪ್ಪಾ, ಅಮ್ಮ ಏನ್ ಉಳ ತಿಂದಿರೋ ಪುಸ್ತಕವಾ?"

ಒಂದು ಸಂಜೆ ನಾನು ಯಳಂದೂರಿನಿಂದ ನೇರ ಮಾವನ ಮನೆಗೇ ಹೋಗಿದ್ದೆ. ಅತ್ತೆಯ ಪಕ್ಕ ಕೂತು, "ಮೈಸೂರಿಗೆ ಹೋಗ್ತೀರಾ ಅತ್ತೆ?" ಅಂತ ಕೇಳಿದೆ. ಅವರು ಬಹಳ ಕಷ್ಟಪಟ್ಟು "ಇ" ಅಂದರು. ನಾನು ಚಪ್ಪಾಳೆ ತಟ್ಟುವುದೊಂದು ಬಾಕಿ! "ಮಾವ, ಇಲ್ಲೇ ಇರ್ತೀನಿ ಅಂತಿದ್ದಾರೆ! ಬರ್ಕೊಳ್ಳಿ, ಬರ್ಕೊಳ್ಳಿ!" ಅದು ಮಾವನಿಗೆ ಬೇಕಾದ ಉತ್ತರ ಎಂದು ನನಗೆ ಗೊತ್ತಿತ್ತು. ಮಗಳು ಕಾರು ತರುತ್ತೇನೆ ಅಂದ ದಿನದಿಂದ ಅವರು ಸರಿಯಾಗಿ ಊಟ ಮಾಡಿರಲಿಲ್ಲ. ತಟ್ಟೆಯಲ್ಲಿ ಅರ್ಧ ಮುದ್ದೆ ಹಾಗೇ ಉಳಿಯುತ್ತಿತ್ತು. ನಾಲ್ಕೈದು ಅಕ್ಷರ ತುಂಬಿಕೊಂಡಿದ್ದರೆ ಯಾರು ಕೇಳುತ್ತಿದ್ದರು?

ಅವರು ನೋಟ್‌ಬುಕ್ಕಿನಲ್ಲಿ ಒಂದಕ್ಷರ ಬರೆದು ಮುಂದೆ ಚುಕ್ಕಿ ಇಟ್ಟರು.

"ಇ ಅಂದ್ಲು ಕೂಸೇ. ನಾ ಅಷ್ಟೇ ಕೇಳಿದ್ದು."

ಅವರ ಚುಕ್ಕಿ ನೋಡಿ ಮೊದಲ ಸಲ ನನಗೆ ನಗು ಬರಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಮಗಳು ಕಾರು ತಂದಳು. ಅತ್ತೆಯ ಸೀರೆಗಳು, ಮಾತ್ರೆಗಳು, ಸ್ವೆಟರು ಎಲ್ಲ ಬ್ಯಾಗಿಗೆ ಹೋಗಿದ್ದವು. ಮಗಳನ್ನೂ ನಾನು ದೂರುವುದಿಲ್ಲ. ರಾತ್ರಿಯಿಡೀ ನಿದ್ದೆಗೆಟ್ಟ ಮುಖ ಅವಳದು, ಅಮ್ಮನ ಮಾತು ಮರಳಿ ಬರಲಿ ಎಂಬುದೊಂದೇ ಆಸೆ. ಅತ್ತೆಯನ್ನು ಗೋಡೆ ಬದಿಯ ಕುರ್ಚಿಯಲ್ಲಿ ಕೂರಿಸಿದ್ದರು. ಮಾವ ಎದುರಿಗೆ ಸ್ಟೂಲು ಹಾಕಿಕೊಂಡು ಕೂತರು.

"ಒಂದ್ ಸಲ ಕೇಳಿ. ಅವ್ಳು ಊಂ ಅಂದ್ರೆ ನಾನೇ ಬ್ಯಾಗ್ ಎತ್ಕಂಡ್ ಬತ್ತೀನಿ" ಎಂದರು.

ಮಗಳು ಮಂಡಿಯೂರಿ ಕೂತು ಅಮ್ಮನ ಕೈ ಹಿಡಿದಳು. "ಅಮ್ಮಾ, ಮೈಸೂರಿಗೆ ಬತ್ತೀಯಾ ನನ್ ಜೊತೆ?"

ಅತ್ತೆಯ ತುಟಿ ಅಲುಗಿತು. "ನಾ..."

"ನಾನ್ ಬತ್ತೀನಿ ಅಂತಾವ್ಳೆ!" ನಮ್ಮಮ್ಮ ಮುಗಿಸಿಯೇಬಿಟ್ಟಳು. "ಏಳಿ, ಬಿಸ್ಲೇರಾಕೆ ಮುಂಚೆ ಒರಡಿ!"

ಮಾವ ಕೈ ಎತ್ತಿದರು. ಅಕ್ಕನ ಮುಂದೆ ಅವರು ಕೈ ಎತ್ತಿದ್ದನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ.

"ನಾ ಅಂದ್ಲು ಅಕ್ಕ. ಮಿಕ್ಕಿದ್ನ ಖಾಲಿ ಬುಡು."

"ಎಷ್ಟೊತ್ತು ಬುಡಾದ್ಲಾ?"

"ಅವ್ಳು ತುಂಬಾಗಂಟ."

ಕುಕ್ಕರು ಎರಡು ಸಲ ಕೂಗಿತು, ಎದ್ದು ಹೋಗುವ ಧೈರ್ಯ ಯಾರಿಗೂ ಇಲ್ಲ. ಹೊರಗೆ ಸೊಪ್ಪಿನವಳು ಕೂಗಿಕೊಂಡು ಬಂದು, ಕೂಗಿಕೊಂಡು ಹೋದಳು. ಅತ್ತೆಯ ಕುತ್ತಿಗೆಯ ನರ ಬಿಗಿದು ಸಡಿಲವಾಗುತ್ತಿತ್ತು, ಹಣೆಯಲ್ಲಿ ಬೆವರು. ನನ್ನ ನಾಲಿಗೆಯ ತುದಿಗೆ ಹತ್ತು ಮಾತು ಬಂದವು. ಹದಿನಾಲ್ಕು ವರ್ಷದಿಂದ ನಾನು ಕ್ಲಾಸಿನಲ್ಲಿ ಪ್ರಶ್ನೆ ಕೇಳಿ, ಮಕ್ಕಳು ಬಾಯಿ ತೆರೆಯುವ ಮೊದಲೇ ಉತ್ತರ ಹೇಳಿ, ಬೋರ್ಡಿನ ಮೇಲೆ ಬರೆದು, ಗೊತ್ತಾಯ್ತಾ ಅಂತ ಮುಂದೆ ಹೋದವಳು. ಸುಮ್ಮನಿರುವುದು ಇಷ್ಟು ಕಷ್ಟದ ಕೆಲಸ ಎಂದು ನನಗೆ ಯಾರೂ ಹೇಳಿರಲಿಲ್ಲ. ಮಾವ ಮಾತ್ರ ಹುಬ್ಬು ಕೂಡ ಅಲುಗಿಸದೆ ಅತ್ತೆಯ ತುಟಿಗಳನ್ನೇ ನೋಡುತ್ತಿದ್ದರು. ಆ ಮುಖದಲ್ಲಿ ಅವಸರವೂ ಇರಲಿಲ್ಲ, ಕರುಣೆಯೂ ಇರಲಿಲ್ಲ. ಬರುತ್ತದೆ ಎಂಬ ನಂಬಿಕೆಯಷ್ಟೇ ಇತ್ತು.

"ಓ..." ಎಂದರು ಅತ್ತೆ. ಅಮ್ಮ ಸೆರಗಿನಿಂದ ತನ್ನ ಬಾಯನ್ನು ತಾನೇ ಮುಚ್ಚಿಕೊಂಡಳು.

"ಓ... ಗಲ್ಲ."

ಮಗಳ ಕಣ್ಣು ತುಂಬಿತು. ಅತ್ತೆ ಅವಳ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ಆ ಕೈಯನ್ನೇ ಎತ್ತಿ, ನಿಧಾನವಾಗಿ, ಅಮ್ಮನ ಕಡೆ, ನನ್ನ ಕಡೆ, ಮಗಳ ಕಡೆ ಆಡಿಸಿದರು.

"ನೀವೆಲ್ಲ... ಬಿರ್ನೆ..."

ಮತ್ತೆ ನಿಂತಿತು. ಈ ಸಲ ಯಾರೂ ಏನನ್ನೂ ತುಂಬಲಿಲ್ಲ. ಅತ್ತೆ ಮಾವನನ್ನು ನೋಡಿದರು.

"ಇವ್ರು... ಕಾಯ್... ತಾರೆ."

ಮಗಳು ಅಮ್ಮನ ಮಡಿಲಲ್ಲಿ ಮುಖವಿಟ್ಟು ಜೋರಾಗಿ ಅತ್ತಳು. ನಾನೂ ಅತ್ತುಬಿಟ್ಟೆ, ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಮಾವನ ನೋಟ್‌ಬುಕ್ಕು ಸ್ಟೂಲಿನ ಕೆಳಗೆ ಬಿದ್ದಿತ್ತು. ಅದನ್ನು ಎತ್ತಿ ಅವರ ಕೈಗೆ ಕೊಡಲು ಹೋದೆ.

"ಮಾವ, ಬರ್ಕೊಳ್ಳಲ್ವಾ?"

ಅವರು ನನ್ನ ಕಡೆ ತಿರುಗಲೂ ಇಲ್ಲ.

"ಇರು ಕೂಸೇ" ಎಂದರು. "ಅವ್ಳು ಇನ್ನೂ ಏನೋ ಏಳ್ತಾವ್ಳೆ."