ಬರಿ ಹಣೆಯ ಮೇಡಂ

ಸೃಷ್ಟಿ ತನ್ನ ಗಂಡ ನಿತೀಶನಿಗೆ ಕೊಟ್ಟ ಗಡುವು ಶನಿವಾರದವರೆಗೆ. ವಿಲಾಯತಿಯ ಗ್ರೀನ್‌ಫರ್ಡಿನ ಅವರ ಪುಟ್ಟ ಫ್ಲ್ಯಾಟಿನಲ್ಲಿ, ಹಳೇ ಸಾಮಾನು ಮಾರುವ ಚಾರಿಟಿ ಅಂಗಡಿಗಳಿಂದ ಅವನು ಉದ್ಧರಿಸಿ ತಂದ ವಸ್ತುಗಳು ಆಗಲೇ ಹನ್ನೊಂದು: ನಡೆಯದ ಗಡಿಯಾರ, ಮುಚ್ಚಳವಿಲ್ಲದ ಚಹಾದ ಕೆಟಲ್, ಯಾರನ್ನು ಹತ್ತಿಸಿದರೂ ಒಂದೇ ತೂಕ ತೋರಿಸುವ ಯಂತ್ರ, ಇತ್ಯಾದಿ. ಹನ್ನೆರಡನೆಯದಾಗಿ ಒಂದು ಚಿತ್ರಪಟ ಬಂದ ದಿನ ಅವಳು ಸೊಂಟಕ್ಕೆ ಕೈ ಕೊಟ್ಟು ಬಾಗಿಲಲ್ಲೇ ನಿಂತಳು.

"ಅಲ್ರೀ, ಇದು ಮನಿಯೋ ಗುಜರಿಯೋ?"

"ಇದು ಅಸಲಿ ಲಿಮಿಟೆಡ್ ಎಡಿಷನ್ ಅದ ಸೃಷ್ಟಿ! ಕೆಳಗ ನೋಡು, ಪೆನ್ಸಿಲ್‌ಲೆ ಸಹಿ. ಎಪ್ಪತ್ತೈದ ಪ್ರತಿ ಅಷ್ಟ ಅಚ್ಚಾಗ್ಯಾವ, ಅದರಾಗ ಇದು ಹನ್ನೆರಡನೇದು!"

"ಶನಿವಾರ ಫ್ರೇಮ್ ಅಂಗಡಿಯವ ಹೌದಂದ್ರ ಇರ್ಲಿ. ಅಲ್ಲಂದ್ರ ಇದರ ಜೋಡಿ ಆ ಹನ್ನೊಂದೂ ಹೊರಗ. ನೀವ ಹೊತ್ಕೊಂಡು ಹೋಗಬೇಕು, ಮತ್ತ."

ಅಂದಿನಿಂದ ನಿತೀಶನಿಗೆ ಅನ್ನ ಸೇರಲಿಲ್ಲ. ಚಿತ್ರದಲ್ಲಿ ಬಿಳಿ ನಿಲುವಂಗಿಯ ಹೆಂಗಸೊಬ್ಬಳು ತಾವರೆಕೊಳದ ಪಕ್ಕದಲ್ಲಿ, ಕಾರಣವಿಲ್ಲದೆ, ನಿಂತಿದ್ದಳು. ಅವಳ ಕುಲಗೋತ್ರ ತಿಳಿಯಲು ಫೋನಿಗೆ ತೋರಿಸಿದರೆ ಅದು ಒಮ್ಮೆ 'ನೂರು ವರ್ಷ ಹಳೆಯದು' ಎಂದಿತು, ಇನ್ನೊಮ್ಮೆ 'ಬಚ್ಚಲಮನೆಯ ಪರದೆ' ಎಂದಿತು. (ನಿತೀಶ ಮೊದಲನೆಯದನ್ನು ಮಾತ್ರ ನಂಬಿದ.) ಹಿಂಬದಿಯ ಹಳೇ ರಟ್ಟು ಚಿತ್ರದ ಕಾಗದವನ್ನು ತಿಂದುಹಾಕುತ್ತದೆ ಎಂದು ಎಲ್ಲೋ ಓದಿದ. ಪಾತ್ರೆ ತೊಳೆಯುವ ಹಳದಿ ಕೈಗವಸು ತೊಟ್ಟು, ಉಸಿರು ಬಿಗಿಹಿಡಿದು, ಹಳೆಯ ಚೌಕಟ್ಟನ್ನು ಬಿಚ್ಚಿದ. ಚಿತ್ರವನ್ನು ಊಟದ ಮೇಜಿನ ಮೇಲೆ ಮಲಗಿಸಿ, "ಯಾರೂ ಮುಟ್ಟಬ್ಯಾಡ್ರಿ" ಎಂದು ರಾಜಾಜ್ಞೆ ಹೊರಡಿಸಿ ಆಫೀಸಿಗೆ ಹೋದ.

ಶುಕ್ರವಾರ ಸಂಜೆ ಬಂದು ನೋಡಿದರೆ ಕೊಳದ ಹೆಂಗಸಿನ ಹಣೆಯಲ್ಲಿ ದುಂಡಗೆ, ಕೆಂಪಗೆ, ಇನ್ನೂ ಹಸಿಯಾಗಿ ಕುಂಕುಮ!

ಧಾರವಾಡದಿಂದ ಮೂರು ತಿಂಗಳ ಮಟ್ಟಿಗೆ ಬಂದಿದ್ದ ಅತ್ತೆ ಸುಶೀಲಾಬಾಯಿ ಸೆರಗಿಗೆ ಬೆರಳೊರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದರು. "ಕೈ ಹಚ್ಚಿಲ್ರಿ ಅಳಿಯಂದ್ರ, ನೀವು ಬ್ಯಾಡಂದಿದ್ರಿ. ಒಂದ ಬೆರಳ ತುದೀಲೆ ಅಷ್ಟ. ಶುಕ್ರವಾರ ದಿನ ಮುತ್ತೈದಿ ಬರಿ ಹಣಿಲೆ ಮನ್ಯಾಗ ಇರಬಾರದು ನೋಡ್ರಿ."

"ಅತ್ತೀ, ಆಕಿ ಮುತ್ತೈದಿ ಅಂತ ಯಾರು ಹೇಳಿದ್ರು?"

"ಅಲ್ಲಂತ ನಾವ್ಯಾಕ ಅನ್ಬೇಕು? ಎಲ್ಲೇ ಇದ್ರೂ ಗಂಡ ಛಲೋ ಇರ್ಲಿ."

ಒದ್ದೆ ಹತ್ತಿಯಿಂದ ಒರೆಸಲು ಹೋದ ನಿತೀಶ, ಕುಂಕುಮ ಮೂಗಿನವರೆಗೆ ಹರಿದೀತೆಂದು ಹೆದರಿ ಕೈ ಹಿಂದಕ್ಕೆಳೆದುಕೊಂಡ.

ಶನಿವಾರ ಮೂವರೂ ಅಂಗಡಿಗೆ ಹೋದರು. ಫ್ರೇಮ್ ಹಾಕುವ ಮುದುಕ ಭೂತಗನ್ನಡಿ ಹಿಡಿದು ಸಹಿಯ ಮೇಲೆ ಬಾಗಿದ. ನಿತೀಶ ಜೀವ ಕೈಯಲ್ಲಿ ಹಿಡಿದು ನಿಂತ.

"ಸಹಿ ಅಚ್ಚಿನದು," ಎಂದ ಮುದುಕ, ಇಂಗ್ಲಿಷಿನಲ್ಲಿ, ಬಹಳ ಮೃದುವಾಗಿ. "ಅಂಕಿಯೂ ಅಚ್ಚಿನದೇ. ಇಂಥವು ಸಾವಿರಾರು ಇವೆ." ಕನ್ನಡಿ ನಿಧಾನವಾಗಿ ಮೇಲೇರಿ ಹಣೆಯ ಬಳಿ ನಿಂತಿತು. "ಓಹೋ! ಇಡೀ ಚಿತ್ರದಲ್ಲಿ ಮನುಷ್ಯರ ಕೈಕೆಲಸ ಎಂದರೆ ಇದೊಂದೇ. ಎಷ್ಟು ದುಂಡಗಿದೆ! ಕಲಾವಿದರು ಯಾರು?"

ಸೃಷ್ಟಿ ತಾಯಿಯತ್ತ ಕೈ ತೋರಿಸಿದಳು. ಇಂಗ್ಲಿಷ್ ತಿಳಿಯದಿದ್ದರೂ ಹೊಗಳಿಕೆ ತಿಳಿದು ಸುಶೀಲಾಬಾಯಿ ಸೆರಗು ಸರಿಮಾಡಿಕೊಂಡರು.

"ಹಂಗಾರ ಹನ್ನೆರಡೂ ಹೊರಗ," ಎಂದ ನಿತೀಶ.

"ಹನ್ನೊಂದು," ಎಂದಳು ಸೃಷ್ಟಿ. "ನಮ್ಮವ್ವನ ಕೈಕೆಲಸ ಹೊರಗ ಹಾಕ್ತಾರೇನ್ರಿ? ಛಲೋ ಫ್ರೇಮ್ ಹಾಕಸ್ರಿ."

ಮುದುಕ ಚಿತ್ರದ ಸುತ್ತ ಬಿಳಿ ಅಂಚಿಟ್ಟು, ಗಾಜನ್ನು ಎತ್ತಿ ಹಿಡಿದು, "ಮುಚ್ಚಲೇ?" ಎಂದು ಕೇಳಿದ.

"ತಡೀಯಂತ ಹೇಳ್ರಿ," ಎಂದರು ಸುಶೀಲಾಬಾಯಿ, ಕಣ್ಣು ಕಿರಿದು ಮಾಡಿ. "ಕಿವಿ ಎರಡೂ ಖಾಲಿ ಅದಾವ."

ನಿತೀಶ ಹೆಂಡತಿಯ ಮುಖ ನೋಡಿದ. ಅಲ್ಲಿ ಕರುಣೆಯ ಸುಳಿವಿರಲಿಲ್ಲ. ಮುದುಕನತ್ತ ತಿರುಗಿ, ತನ್ನ ಅತ್ಯುತ್ತಮ ಆಫೀಸು ಇಂಗ್ಲಿಷಿನಲ್ಲಿ ಹೇಳಿದ: "ದಯವಿಟ್ಟು ಒಂದು ಸಣ್ಣ ಕುಂಚ ಕೊಡಿ. ಕಲಾವಿದರ ಕೆಲಸ ಇನ್ನೂ ಮುಗಿದಿಲ್ಲ."