ಸೀಗೆದೊಡ್ಡಿಯಲ್ಲೊಂದು ಹೊಸ ಗುಡ್ಡ

ಈ ಭೂಮಿಯ ಮೇಲೆ ದಾರಿ ತಪ್ಪದವರು ಇಬ್ಬರೇ. ಒಬ್ಬ ಸೂರ್ಯ, ಇನ್ನೊಬ್ಬ ನಾನು. ಹೀಗೆಂದು ಹೋದ ತಿಂಗಳವರೆಗೂ ಎದೆ ತಟ್ಟಿಕೊಂಡು ಹೇಳುತ್ತಿದ್ದೆ. ಹೇಳಬಾರದೇಕೆ? ಚನ್ನಪಟ್ಟಣದ ಹೈಸ್ಕೂಲೊಂದರಲ್ಲಿ ಮೂವತ್ತೊಂದು ವರ್ಷ ಭೂಗೋಳ ಪಾಠ ಮಾಡಿದವನು ನಾನು. "ನಕ್ಷೆಯಲ್ಲಿ ಕಂದು ಗೆರೆ ಒಂದರೊಳಗೊಂದು ಸುತ್ತಿಕೊಂಡಿದ್ದರೆ ಅದೇನ್ರೋ?" ಎಂದು ನಾನು ಕೇಳಿದರೆ "ಗುಡ್ಡ ಸಾರ್" ಎಂದು ಐವತ್ತು ಗಂಟಲು ಒಟ್ಟಿಗೆ ಒದರುತ್ತಿದ್ದವು. ಪಕ್ಕದ ಕೋಣೆಯ ಗಣಿತದ ಮೇಷ್ಟ್ರಿಗೆ ಲೆಕ್ಕ ತಪ್ಪುತ್ತಿತ್ತು.

ನಿವೃತ್ತಿಯ ದಿನ ಎಲ್ಲರೂ ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟರು. ನಾನು ಮಾತ್ರ ಸ್ಟೋರ್ ರೂಮಿನಲ್ಲಿ ಗುಜರಿಗೆ ಹಾಕಲೆಂದು ಕಟ್ಟಿಟ್ಟಿದ್ದ ರದ್ದಿಯೊಳಗಿಂದ ಒಂದು ಸುರುಳಿ ಎಳೆದುಕೊಂಡು ಮನೆಗೆ ಬಂದೆ. ಅದು ನಮ್ಮ ಸೀಮೆಯ ಹಳೇ ಟೋಪೋ ಶೀಟು. ನಮ್ಮಪ್ಪ ಹುಟ್ಟುವ ಮೊದಲೇ ಸರ್ವೆಯವರು ಕಾಲ್ನಡಿಗೆಯಲ್ಲಿ ಅಳೆದು ಬರೆದ, ಹಿಂದೆ ಬಟ್ಟೆ ಅಂಟಿಸಿದ ನಕ್ಷೆ. ನೆಲದ ಒಂದು ಮೈಲಿ ಅದರಲ್ಲಿ ಒಂದು ಇಂಚು. ಕೆರೆ ನೀಲಿ, ರಸ್ತೆ ಕೆಂಪು, ಗುಡ್ಡ ಕಂದು, ಮನೆಗಳು ಎಳ್ಳಿನಷ್ಟು ಕರಿ ಚುಕ್ಕೆ.

ಅಂದಿನಿಂದ ನಮ್ಮ ಊಟದ ಮೇಜಿನ ಮೇಲೆ ರಾಮನಗರ, ಮಾಗಡಿ, ಕನಕಪುರ ಮೂರೂ ಹರಡಿಕೊಂಡವು. ಕಲ್ಯದ ಕಡೆ ನಮ್ಮ ತಾತ ಎತ್ತಿನ ಗಾಡಿ ಹೊಡೆದುಕೊಂಡು ಹೋಗುತ್ತಿದ್ದ ದಾರಿ ಅದರಲ್ಲಿ ಎರಡು ಸಾಲು ಚುಕ್ಕಿಯಾಗಿ ಹಾಗೇ ಮಲಗಿತ್ತು. ಈಗ ಅಲ್ಲಿ ದಾರಿಯಿಲ್ಲ, ಯಾರದೋ ತೋಟದ ತಂತಿ ಬೇಲಿಯಿದೆ. ಆ ಗಾಡಿಯಲ್ಲಿ ಹುಲ್ಲಿನ ಮೇಲೆ ಮಲಗಿ, ಚಕ್ರದ ಸದ್ದಿಗೇ ನಿದ್ದೆ ಹೋಗುತ್ತಿದ್ದವನು ನಾನು. ಚುಕ್ಕಿಗಳ ಮೇಲೆ ಬೆರಳಾಡಿಸಿದರೆ ತಾತನ ಹೆಗಲ ಮೇಲಿನ ಕಂಬಳಿಯ ವಾಸನೆ ಬಂದಂತಾಗಿ ಗಂಟಲು ಕಟ್ಟುತ್ತಿತ್ತು. ಗಂಟಲು ಕಟ್ಟಿದಾಗ ಮಾತ್ರ ನಮ್ಮ ಮನೆಯಲ್ಲಿ ಒಸಿ ಶಾಂತಿ ಎಂದು ನನ್ನ ಹೆಂಡತಿ ಶಿವಲಕ್ಷ್ಮಿಯ ಅಭಿಪ್ರಾಯ.

"ಊರೆಲ್ಲ ಮೇಜಿನ ಮೇಲೆ ಹರಡ್ಕೊಂಡ್ರೆ ಸಾರಿನ ಪಾತ್ರೆ ಎಲ್ಲಿಡ್ಲಿ?" ಎಂದಳು ಒಂದು ದಿನ.

"ಎಲ್ಲಾದರೂ ಇಡು. ದೊಡ್ಡಮಳೂರಿನ ಮೇಲೆ ಮಾತ್ರ ಇಡಬೇಡ, ದೇವಸ್ಥಾನ ಇದೆ."

"ಹಂಗಾದ್ರೆ ಕೆರೆಗೆ ಸುರೀತೀನಿ. ಅಲ್ಲೇ ಹೋಗಿ ಉಣ್ಣಿ."

ಇಷ್ಟರಲ್ಲಿ ನಕ್ಷೆಯ ಸುದ್ದಿ ಕೈಲಾಂಚದ ಕಡೆಯ ನನ್ನ ಅತ್ತೆಯ ಮನೆಗೂ ಮುಟ್ಟಿತು. ಅತ್ತೆ ಮುನಿತಾಯಮ್ಮನವರಿಗೆ ಎಂಬತ್ತು ತುಂಬಿದೆ. ಅವರು ಇರುವುದು ಮಗನ ಮನೆಯಲ್ಲಿ. ಒಂದು ದಿನ ಫೋನಿನಲ್ಲಿ ಕೇಳಿದರು.

"ಅಳಿಯಂದ್ರೇ, ಆ ಕಾಗದದಾಗೆ ನಮ್ಮ ಸೀಗೆದೊಡ್ಡಿ ಐತಾ?"

ಸೀಗೆದೊಡ್ಡಿ ಅವರು ಹುಟ್ಟಿದ ಜಾಗ. ಹದಿನಾಲ್ಕು ಮನೆ. ಅತ್ತೆಗೆ ಒಂಬತ್ತು ವರ್ಷವಾಗಿದ್ದಾಗ ಬಾವಿ ಬತ್ತಿ, ಎಲ್ಲರೂ ತೊಲೆ, ಬಾಗಿಲು, ಹೆಂಚು ಗಾಡಿಗೆ ಹೇರಿಕೊಂಡು ಬೇರೆ ಊರುಗಳಿಗೆ ಹೊರಟುಬಿಟ್ಟರಂತೆ.

"ಎಲ್ಲಾ ತಂದ್ವಿ, ಒರಳು ತರಾಕ್ ಆಗ್ನಿಲ್ಲ ಕಣಪ್ಪ. ನೆಲದಾಗೆ ಹೂತಿದ್ದ ಕಲ್ಲು. ನಮ್ಮವ್ವ ಅದ್ರಾಗೇ ರಾಗಿ ಕುಟ್ಟಿ ನಮ್ಮನ್ನ ಸಾಕಿದ್ದು. ಒಂದ್ಸಲ ಮುಟ್ಬುಟ್ಟು ಬಂದ್ರೆ ಸಾಕು. ಮಂಡಿ ಈಗ್ಲೇ ಮಾತು ಕೇಳಾಕಿಲ್ಲ. ಬರೋ ವರ್ಸುಕ್ಕೆ ಅಲ್ಲಿಗಂಟ ನಡಿಯಾಕೆ ಆಯ್ತದೋ ಇಲ್ವೋ."

ಮದುವೆ, ಮಕ್ಕಳು, ರೇಷ್ಮೆ ಹುಳು, ಕುರಿ ಎಂದು ಎರಡು ಮೈಲಿ ದೂರಕ್ಕೆ ಎಪ್ಪತ್ತು ವರ್ಷ ಅವರಿಗೆ ಪುರುಸೊತ್ತಾಗಿರಲಿಲ್ಲ. ಫೋನಿಟ್ಟವನೇ ಭೂತಗನ್ನಡಿ ಕೈಗೆತ್ತಿಕೊಂಡೆ. ನಕ್ಷೆಯಲ್ಲಿ ಹುಡುಕಿದೆ. ಸೀಗೆದೊಡ್ಡಿ ಇತ್ತು! ಅತ್ತೆಯ ಈಗಿನ ಊರಿನಿಂದ ಪೂರ್ವಕ್ಕೆ ಎರಡು ಇಂಚು, ಹದಿನಾಲ್ಕು ಚುಕ್ಕೆ.

"ಕುರಿ ಮೇಯಿಸೋ ಪುಟ್ಟಲಿಂಗಯ್ಯನ್ನ ಕೇಳಿದ್ರೆ ಕರ್ಕೊಂಡು ಹೋಗ್ತಾನೆ. ದಿನಾ ಆ ಕಡೆನೇ ಹೋಗೋದು ಅವ್ನು" ಎಂದಳು ಶಿವಲಕ್ಷ್ಮಿ.

"ಟೋಪೋ ಶೀಟು ಕೈಯಲ್ಲಿಟ್ಟುಕೊಂಡು ಕುರಿ ಹಿಂದೆ ಹೋಗುವಷ್ಟು ನಾನಿನ್ನೂ ಕೆಟ್ಟಿಲ್ಲ. ನಿಮ್ಮ ಅಮ್ಮನನ್ನು ಆ ಒರಳಿನ ಮುಂದೆ ನಿಲ್ಲಿಸುವವನು ನಾನೇ" ಎಂದು ಪ್ರತಿಜ್ಞೆ ಮಾಡಿದೆ.

ಶನಿವಾರ ಮಧ್ಯಾಹ್ನ ಅತ್ತೆಯ ಮನೆ ತಲುಪಿದರೆ ಅಲ್ಲಿ ನಮ್ಮನ್ನು ಮಾತಾಡಿಸುವವರೇ ಇಲ್ಲ. ರೇಷ್ಮೆ ಹುಳು ಹಣ್ಣಾಗಿದ್ದವು. ಹುಳು ಹಣ್ಣಾದ ದಿನ ರೇಷ್ಮೆ ಸಾಕುವ ಮನೆಗೆ ಸ್ವತಃ ಮಂತ್ರಿ ಬಂದರೂ "ಒಸಿ ಆ ಕಡೆ ನಿಂತ್ಕೊಳ್ಳಿ" ಎನ್ನುತ್ತಾರೆ. ಹಣ್ಣಾದ ಹುಳುಗಳನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಭಾಮೈದನ ಮಗಳು ಅನುಷಾ ಎರಡೂ ಕೈಯಲ್ಲಿ ಹುಳು ಹಿಡಿದುಕೊಂಡು ಓಡಾಡುತ್ತಿದ್ದಳು. ಶಿವಲಕ್ಷ್ಮಿಯೂ ಸೆರಗು ಸಿಕ್ಕಿಸಿ ಇಳಿದಳು. ನಾನು ನಕ್ಷೆಯನ್ನು ಜಗಲಿಯ ಮೇಲಿಟ್ಟು, ಮರುದಿನದ ದಂಡಯಾತ್ರೆಗೆ ಶಕ್ತಿ ಬೇಕಲ್ಲ ಎಂದು ಒಳಗೆ ಹೋಗಿ ಮಲಗಿದೆ. ಎದ್ದಾಗ ಸಂಜೆಯಾಗಿತ್ತು. ನಕ್ಷೆ ಅಂದವಾಗಿ ಮಡಚಿಕೊಂಡು ನನ್ನ ಚೀಲದಲ್ಲಿತ್ತು. ಹೆಂಡತಿಯ ಶಿಸ್ತಿಗೆ ಮನಸ್ಸಿನಲ್ಲೇ ಮೆಚ್ಚಿದೆ.

ಭಾನುವಾರ ಬೆಳಿಗ್ಗೆ ಭೂತಗನ್ನಡಿ ಹಿಡಿದು ನಕ್ಷೆ ಬಿಚ್ಚಿದವನು ಹೌಹಾರಿದೆ. ಸೀಗೆದೊಡ್ಡಿಯ ಪಕ್ಕದಲ್ಲಿ ಒಂದು ಗುಡ್ಡ! ಒಂದರೊಳಗೊಂದು ಮೂರು ಕಂದು ಗೆರೆ. ಇಷ್ಟು ದಿನ ಇದು ನನ್ನ ಕಣ್ಣು ತಪ್ಪಿಸಿಕೊಂಡದ್ದು ಹೇಗೆ? ಹಳೇ ಅಚ್ಚು, ಮಾಸಿದ ಬಣ್ಣ, ಕನ್ನಡಕ ಬದಲಾಯಿಸಬೇಕು ಎಂದೆಲ್ಲ ಸಮಾಧಾನ ಹೇಳಿಕೊಂಡೆ.

"ಅತ್ತೆ, ನಿಮ್ಮೂರ ಪಕ್ಕ ಗುಡ್ಡ ಇತ್ತಲ್ಲವೇ?"

"ಗುಡ್ಡವಾ? ನಾ ಕಾಣ್ನಿಲ್ಲಪ್ಪ."

"ನೀವು ಆಗ ಚಿಕ್ಕವರು. ಮರೆತಿದ್ದೀರಿ."

"ಗುಡ್ಡ ಮರೆಯೋ ಅಷ್ಟು ಚಿಕ್ಕೋಳಾ ನಾನು?" ಎಂದರು ಅತ್ತೆ. ಆದರೂ ಅಳಿಯನ ಮರ್ಯಾದೆಗೆ ಸುಮ್ಮನಾಗಿ ಕಾರು ಹತ್ತಿದರು. ಜೊತೆಗೆ ಹೊರಟ ಶಿವಲಕ್ಷ್ಮಿ ಅಂದು ಯಾಕೋ ನಕ್ಷೆಯ ಕಡೆ ತಿರುಗಿಯೂ ನೋಡಲಿಲ್ಲ.

ಎರಡು ಮೈಲಿ ಹೋದೆವು. ಗುಡ್ಡವಿರಬೇಕಾದ ಜಾಗದಲ್ಲಿ ಅಂಗೈಯಂತೆ ಸಪಾಟಾದ ಹಿಪ್ಪುನೇರಳೆ ತೋಟವಿತ್ತು. ತೋಟದ ಮೂಲೆಯಲ್ಲಿ, ಅಯ್ಯೋ ನನ್ನ ಪತ್ತೇದಾರಿಯೇ, ಒಂದು ದೊಡ್ಡ ಗುಂಡಿ. ಗುಡ್ಡ ಇಲ್ಲ, ಗುಂಡಿ ಇದೆ. ನನ್ನ ತಲೆಯೊಳಗೆ ದೀಪ ಹತ್ತಿತು. ಕಲ್ಲಿಗಾಗಿ ಗುಡ್ಡಗಳನ್ನೇ ಕರಗಿಸುವ ಸೀಮೆ ನಮ್ಮದು. ಅತ್ತೆಯನ್ನು ಕಾರಿನಲ್ಲೇ ಕೂರಿಸಿ, ಸೊಪ್ಪು ಕೊಯ್ಯುತ್ತಿದ್ದ ತೋಟದ ಯಜಮಾನನನ್ನು ಕರೆದೆ. ಅವನ ಹೆಸರು ಚಿಕ್ಕರಾಜು.

"ಇಲ್ಲಿದ್ದ ಗುಡ್ಡ ಎಲ್ಲಪ್ಪ?"

"ಯಾವ ಗುಡ್ಡ ಸಾ?"

"ಸರ್ಕಾರದ ನಕ್ಷೆಯಲ್ಲಿರುವ ಗುಡ್ಡ. ಗೆರೆಗೆ ಐವತ್ತು ಅಡಿಯಂತೆ ನೂರೈವತ್ತು ಅಡಿ ಎತ್ತರ. ಈ ಗುಂಡಿ ತೆಗೆದವರು ಯಾರು?"

"ನಾನೇ ಸಾ. ಕೃಷಿ ಹೊಂಡ ಅದು. ನೀರಿಗೆ."

"ಗುಡ್ಡ ತೆಗೆದ ಮೇಲೆ ಹೊಂಡ ಅಲ್ಲದೆ ಇನ್ನೇನು ಉಳಿಯುತ್ತೆ?"

ಬೈಕಿನಲ್ಲಿ ಹೋಗುತ್ತಿದ್ದ ಇಬ್ಬರು ನಿಂತರು. ಇಬ್ಬರು ಎಂಟಾದರು, ಎಂಟು ಹದಿನೆಂಟಾದರು. ನಾನು ಕಾರಿನ ಬಾನೆಟ್ಟಿನ ಮೇಲೆ ನಕ್ಷೆ ಹರಡಿ, ಬಹಳ ದಿನದ ಮೇಲೆ ಸಿಕ್ಕ ತರಗತಿ ಎಂದು ಉತ್ಸಾಹದಿಂದ ಪಾಠ ಮಾಡಿದೆ. ಜನ ಒಬ್ಬೊಬ್ಬರಾಗಿ ಬಗ್ಗಿ ನೋಡಿ "ಹೌದು ಕಣ್ಲಾ, ಗುಡ್ಡ ಐತೆ" ಎಂದರು. ಒಬ್ಬ ಮುದುಕನಿಗಂತೂ ಆ ಗುಡ್ಡದ ಮೇಲೆ ತಾನು ಸೀತಾಫಲ ಕಿತ್ತದ್ದೇ ನೆನಪಾಗಿಬಿಟ್ಟಿತು. ಇನ್ನೊಬ್ಬ ವಿಡಿಯೋ ಮಾಡಿ ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ. ಐದು ನಿಮಿಷದಲ್ಲಿ ಪಂಚಾಯ್ತಿ ಮೆಂಬರರಿಂದ ಚಿಕ್ಕರಾಜುವಿಗೆ ಫೋನು ಬಂತು.

"ಇಲ್ಲ ಸಾ, ನಾ ಯಾವ ಗುಡ್ಡಾನೂ ನುಂಗಿಲ್ಲ" ಎಂದು ಅವನು ಫೋನಿನಲ್ಲಿ ಗೋಗರೆಯುತ್ತಿದ್ದ. ಫೋನಿಟ್ಟು ನನ್ನ ಕಡೆ ತಿರುಗಿದ. "ಮಾರಮ್ಮನಾಣೆ ಮೇಷ್ಟ್ರೇ, ನಮ್ಮಪ್ಪನ ಕಾಲದಿಂದ್ಲೂ ಇದು ರಾಗಿ ಹೊಲ. ನಾಲ್ಕು ಜನದಾಗೆ ನನ್ನ ಮುಖ ಯಾಕೆ ಹಿಂಗೆ ಕೆಡಿಸ್ತೀರ?"

ಆ ಮುಖ ನೋಡಿ ನನಗೂ ಒಂದು ಕ್ಷಣ ಅನುಮಾನ ಬಂತು. ಆದರೆ ಮೂವತ್ತೊಂದು ವರ್ಷದ ಸರ್ವೀಸು ಅಷ್ಟು ಸುಲಭವಾಗಿ ಬಗ್ಗುತ್ತದೆಯೇ? "ಮನುಷ್ಯ ಸುಳ್ಳು ಹೇಳಬಹುದು, ಟೋಪೋ ಶೀಟು ಹೇಳುವುದಿಲ್ಲ" ಎಂದು ಘೋಷಿಸಿದೆ.

ಅಷ್ಟು ಹೊತ್ತಿಗೆ ಅನುಷಾ ಸ್ಕೂಟರಿನಲ್ಲಿ ನಮಗೆ ತಿಂಡಿ ತಂದಳು. ಜನರನ್ನು ಸರಿಸಿಕೊಂಡು ಬಂದು ನಕ್ಷೆ ನೋಡಿದಳು. ಮೂಗು ಹತ್ತಿರ ತಂದು ಮೂಸಿದಳು. ಆಮೇಲೆ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

"ಮಾವ, ಇದು ಗುಡ್ಡ ಅಲ್ಲ."

"ಮತ್ತೇನು?"

"ಹುಳದ ಉಚ್ಚೆ."

ನೆರೆದಿದ್ದವರೆಲ್ಲ ಬಾನೆಟ್ಟಿನಿಂದ ಒಂದು ಹೆಜ್ಜೆ ಹಿಂದೆ ಸರಿದರು.

"ಗೂಡು ಕಟ್ಟೋಕೆ ಮುಂಚೆ ಹುಳ ಉಚ್ಚೆ ಹುಯ್ತವಲ್ಲ ಮಾವ. ಅದಕ್ಕೇ ಚಂದ್ರಿಕೆ ಕೆಳಗೆ ಕಾಗದ ಹಾಸ್ತೀವಿ. ನಿನ್ನೆ ಪೇಪರ್ ಸಾಲ್ದೇ ಬಂತು. ಜಗಲಿ ಮೇಲೆ ಬಟ್ಟೆ ಅಂಟಿಸಿರೋ ದಪ್ಪ ಕಾಗದ ಇತ್ತು, ಚೆನ್ನಾಗಿ ಹೀರ್ಕೊಳುತ್ತೆ ಅಂತ ಹಾಸ್ಬುಟ್ಟೆ. ಹನಿ ಮೇಲೆ ಹನಿ ಬಿದ್ದು ಒಣಗಿದ್ರೆ ಹಿಂಗೇ ಸುತ್ತು ಸುತ್ತು ಕಂದು ಗೆರೆ ಬತ್ತದೆ."

ನಾನು ಹೆಂಡತಿಯ ಕಡೆ ತಿರುಗಿದೆ. ಅವಳು ಹಿಪ್ಪುನೇರಳೆ ಎಲೆ ಎಣಿಸುತ್ತಿದ್ದಳು.

"ನಿನಗೆ ಗೊತ್ತಿತ್ತಾ?"

"ನಾನೇ ಒರೆಸಿ, ಬಿಸಿಲಿಗೆ ಹಾಕಿ, ಮಡಚಿಟ್ಟೆ. ನೀವು ಕೂಗಾಡ್ತೀರ ಅಂತ ಹೇಳ್ಲಿಲ್ಲ. ಅದನ್ನ ನೀವು ಗುಡ್ಡ ಮಾಡ್ಕೊಂಡು ಊರವರ ಮೇಲೆ ಬೀಳ್ತೀರ ಅಂತ ನಂಗೇನು ಗೊತ್ತು?"

ನಗು ಎಂದರೆ ಅದು ನಗು. ಸೀತಾಫಲ ಕಿತ್ತ ಮುದುಕ ಎಲ್ಲರಿಗಿಂತ ಜೋರಾಗಿ ನಕ್ಕ. ನಾನು ಚಿಕ್ಕರಾಜುವಿನ ಎರಡೂ ಕೈ ಹಿಡಿದು "ತಪ್ಪಾಯ್ತಪ್ಪ" ಎಂದೆ. ಇಷ್ಟು ವರ್ಷದಲ್ಲಿ ಯಾರ ಮುಂದೆಯೂ ಆಡದ ಮಾತು ಅದು, ನಾಲಿಗೆ ಹೊರಳಲು ಹೊತ್ತಾಯಿತು. ಅವನು ದೊಡ್ಡ ಮನಸ್ಸಿನವನು. "ಹೋಗ್ಲಿ ಬುಡಿ ಸಾ. ಆದ್ರೆ ಗುಂಪಿಗೆ ನೀವೇ ಒಂದು ವಿಡಿಯೋ ಹಾಕ್ಬುಡಿ" ಎಂದ. ಹದಿನೆಂಟು ಜನರ ಮುಂದೆ ನಿಂತು, ಗುಡ್ಡ ಇರಲೇ ಇಲ್ಲವೆಂದೂ ಅದು ಏನಾಗಿತ್ತೆಂದೂ ಫೋನಿಗೆ ವಿವರಿಸಿದೆ. ನನ್ನ ಹಳೇ ಶಿಷ್ಯರಲ್ಲಿ ಅದನ್ನು ನೋಡದವರು ಇನ್ನು ಯಾರೂ ಉಳಿದಿಲ್ಲ.

ಆಗ ನೆನಪಾಯಿತು. ಕಾರಿನ ಕಡೆ ನೋಡಿದೆ. ಬಾಗಿಲು ತೆರೆದಿತ್ತು. ಅತ್ತೆ ಇರಲಿಲ್ಲ.

ಮಂಡಿ ಮಾತು ಕೇಳದ ಹಿರಿಯ ಜೀವವನ್ನು ಇಲ್ಲಿಗೆ ಕರೆತಂದು, ಇಲ್ಲದ ಗುಡ್ಡಕ್ಕಾಗಿ ಒಂದು ಗಂಟೆ ಜಗಳ ಆಡಿದ್ದೆ. "ಅತ್ತೆ, ಅತ್ತೆ" ಎಂದು ಕೂಗುತ್ತಾ ಓಡಿದೆ. ಎರಡು ಹೊಲ ದಾಟಿದಾಗ ಲಂಟಾನದ ಪೊದೆಗಳ ಆಚೆಯಿಂದ ಕುರಿಗಳ ಸದ್ದು ಕೇಳಿಸಿತು.

"ಕೂಗಬ್ಯಾಡಿ ಮೇಷ್ಟ್ರೇ, ಕುರಿ ಬೆದರ್ತವೆ" ಎಂದ ಪುಟ್ಟಲಿಂಗಯ್ಯ. "ನೀವೆಲ್ಲ ಕಾಗದದ ಮೇಲೆ ಬಗ್ಗಿದ್ರಿ, ಅಜ್ಜಿ ಕಾರಿನಾಗೆ ಒಬ್ರೇ ಕೂತಿದ್ರು. ಎಲ್ಲಿಗೆ ಅಂದೆ, ಸೀಗೆದೊಡ್ಡಿಗೆ ಅಂದ್ರು. ಇಲ್ಲೇ ಐತಲ್ಲ ಅಂತ ಕೈ ಹಿಡ್ಕೊಂಡು ಬಂದೆ."

ನಕ್ಷೆ ತಪ್ಪು ಹೇಳಿರಲಿಲ್ಲ. ಹದಿನಾಲ್ಕು ಚುಕ್ಕೆಗಳೂ ಅಲ್ಲೇ ಇದ್ದವು. ಗೋಡೆ ಕರಗಿ ಮಣ್ಣಿನ ದಿಬ್ಬಗಳಾಗಿದ್ದವು, ನಡುವೆ ಹುಲ್ಲು ಬೆಳೆದಿತ್ತು. ಒಂದು ದಿಬ್ಬದ ಪಕ್ಕ ಅತ್ತೆ ಕಾಲು ಚಾಚಿ ನೆಲದ ಮೇಲೆ ಕುಳಿತಿದ್ದರು. ಮುಂದೆ ಒರಳು. ಅದರ ಕುಳಿಯಲ್ಲಿ ಮೊನ್ನೆಯ ಮಳೆಯ ನೀರು ನಿಂತಿತ್ತು. ಅವರು ಕೈ ಅದ್ದಿ, ಒಳಗಿನ ನುಣುಪನ್ನು ಮೆಲ್ಲಗೆ ಸವರುತ್ತಿದ್ದರು.

"ನಮ್ಮವ್ವ ಕುಟ್ಟಿ ಕುಟ್ಟಿ ಸವೆಸಿದ್ದು ನೋಡಿ ಅಳಿಯಂದ್ರೇ. ನಾ ಇಲ್ಲೇ ಕೂತ್ಕೊಂಡು ಹಾರಿ ಬಿದ್ದ ರಾಗಿ ಆರಿಸ್ತಿದ್ದೆ. ಒಂದು ಕಾಳು ಬುಟ್ರೂ ಬಯ್ಯೋಳು."

ನಕ್ಷೆ ಹಿಡಿದುಕೊಂಡು ಹಿಂದೆಯೇ ಬಂದ ಶಿವಲಕ್ಷ್ಮಿ ತಾಯಿಯ ಪಕ್ಕ ಕುಳಿತು ತಾನೂ ಕೈಯಿಟ್ಟಳು. ಅವಳು ಕಂಡೇ ಇರದ ಅಜ್ಜಿಯ ಒರಳಿನಲ್ಲಿ ತಾಯಿಯ ಕೈಯೂ ಮಗಳ ಕೈಯೂ ಒಟ್ಟಿಗಿದ್ದದ್ದನ್ನು ನೋಡಿ ನನಗೆ ಅಳು ಬಂತು. ಭೂತಗನ್ನಡಿ ಒರೆಸುವ ನೆಪ ಮಾಡಿ ಕಣ್ಣು ಒರೆಸಿಕೊಂಡೆ.

ಅತ್ತೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಕೇಳಿದರು. "ಆ ಕಾಗದದಾಗೆ ಈ ಒರಳು ಐತಾ?"

"ಇಲ್ಲ ಅತ್ತೆ. ಅಷ್ಟು ಚಿಕ್ಕದನ್ನು ಅದರಲ್ಲಿ ತೋರಿಸುವುದಿಲ್ಲ."

"ಚಿಕ್ಕದಾ ಇದು? ಬರೀರಿ. ನಾಳೆ ನಾ ಇರಾಕಿಲ್ಲ, ನೀವೂ ಇರಾಕಿಲ್ಲ. ಕಾಗದದಾಗಾರ ಇರ್ಲಿ."

ಕಳೆದುಕೊಂಡ ಮರ್ಯಾದೆಯಲ್ಲಿ ನಾಲ್ಕಾಣೆಯಾದರೂ ಮರಳಿ ಸಂಪಾದಿಸುವ ಅವಕಾಶವೆಂದು ನಾನು ಪೆನ್ಸಿಲ್ ಚೂಪು ಮಾಡಿಕೊಂಡೆ. ದಿಕ್ಕು ನೋಡಿ, ದೂರ ಅಳೆದು, ಉಸಿರು ಬಿಗಿಹಿಡಿದು, ಶಾಸ್ತ್ರಪ್ರಕಾರ ಸಾಸಿವೆಗಿಂತ ಚಿಕ್ಕದೊಂದು ಚುಕ್ಕೆಯಿಟ್ಟು, ಪಕ್ಕದಲ್ಲಿ ಅಷ್ಟೇ ಸಣ್ಣ ಅಕ್ಷರದಲ್ಲಿ 'ಒರಳು' ಎಂದು ಬರೆದೆ. ಅಷ್ಟರಲ್ಲಿ ಶಿವಲಕ್ಷ್ಮಿ ಗುಡ್ಡದ ಕಥೆಯನ್ನೆಲ್ಲ ತಾಯಿಗೆ ಹೇಳಿಯಾಗಿತ್ತು. ನಕ್ಷೆಯನ್ನು ಅತ್ತೆಯ ತೊಡೆಯ ಮೇಲೆ ಹರಡಿದೆ.

ಅವರು ಹತ್ತಿರ ಹಿಡಿದರು, ದೂರ ಹಿಡಿದರು, ಬಿಸಿಲಿಗೆ ಹಿಡಿದರು. ಕೊನೆಗೆ ಪುಟ್ಟಲಿಂಗಯ್ಯನ ಕಡೆ ತಿರುಗಿದರು.

"ನೋಡ್ಲಾ ಪುಟ್ಟಲಿಂಗ. ಮೂವತ್ತೊಂದು ವರ್ಸ ಮೇಷ್ಟ್ರಾಗಿದ್ದೋರು ಬರ್ದಿರೋದು ಕಣ್ಗೇ ಕಾಣಾಕಿಲ್ಲ. ನಮ್ಮ ಹುಳ ಇಸ್ಕೂಲು ಮೆಟ್ಲು ಹತ್ದೇನೇ ಹೆಂಗೆ ಗುಡ್ಡ ಬರ್ದೈತೆ!"